ಗಾಜಿನ ಬೀರುವಿನ ಕಾಪಿ ಪುಸ್ತಕ

ಸೋಮವಾರ ಡೈರಿಯಲ್ಲಿ ಒಂದೇ ಸಾಲು ಬರೆದೆ: ‘ಆ ಪುಸ್ತಕದ ಫೋಟೊ ಅಚ್ಚಾಗುವ ಮೊದಲು ಹೇಳಿಬಿಡಬೇಕು, ಆದರೆ ನನ್ನಿಂದ ಆಗುವುದಿಲ್ಲವೇನೋ.’ ಬರೆದವಳೇ ಡೈರಿಯನ್ನು ಬಟ್ಟೆಗಳ ಅಡಿಗೆ ತಳ್ಳಿದೆ. ನಮ್ಮ ಮನೆಯಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಅಪ್ಪ ಪೇಪರ್ ಬಿಟ್ಟು ಇನ್ನೇನನ್ನೂ ಓದುವುದಿಲ್ಲ, ಅಮ್ಮನಿಗೆ ನನ್ನ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದಂತೆ. ಆದರೂ ಅಡಗಿಸಿಟ್ಟೆ. ಅಡಗಿಸಿ ಹತ್ತು ವರ್ಷದ ಅಭ್ಯಾಸವಾಗಿದೆ.

ಪುಸ್ತಕವೆಂದರೆ ದೊಡ್ಡದೇನಲ್ಲ, ನಾಲ್ಕು ಗೆರೆಯ ಒಂದು ಕಾಪಿ ಪುಸ್ತಕ. ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಶಾಲೆಯ ಮುಂದಿನ ಕೋಣೆಯಲ್ಲಿ, ಗಾಜಿನ ಬೀರುವಿನ ನಡುವಿನ ಅರೆಯಲ್ಲಿ ಅದು ನಿಂತಿದೆ. ಕಂದು ಬಣ್ಣದ ಬೈಂಡು, ಮೇಲೆ ಚೀಟಿ: ಯು. ಜ್ಞಾನೇಶ್, ನಾಲ್ಕನೇ ತರಗತಿ, ೧೯೯೪. ಓದು ಬರಹ ಹತ್ತದ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರಿಗೆಲ್ಲ ದಾಕ್ಷಾಯಣಿ ಮೇಡಂ ಮೊದಲು ತೋರಿಸುವುದು ಅದನ್ನೇ. ಮೊದಲ ಪುಟದಲ್ಲಿ ‘ಅಜ್ಜಿ ಅವಲಕ್ಕಿ ತಂದಳು’ ಎಂಬ ಸಾಲು ಗೆರೆ ದಾಟಿ, ಕಾಲು ಮುರಿದುಕೊಂಡು ಬಿದ್ದಿದೆ. ಕೊನೆಯ ಪುಟದಲ್ಲಿ ಅದೇ ಸಾಲು ಗೆರೆಯ ಮೇಲೆ ನೆಟ್ಟಗೆ ನಿಂತಿದೆ. ಪುಟಗಳ ತುಂಬ ಪೆನ್ಸಿಲ್ಲಿನ ಮಸುಕು ಒರೆಸಿಕೊಂಡಿದೆ. ಮೇಡಂ ಅದರ ಮೇಲೆ ಬೆರಳಾಡಿಸಿ ಹೇಳುತ್ತಾರೆ, “ಇದು ಆ ಮಗುವಿನ ಕೈಬೆವರು. ಆರೇ ತಿಂಗಳು.”

ಅದು ಬೆವರಲ್ಲ. ಬರೆದವನು ನನ್ನ ತಮ್ಮ ಜ್ಞಾನೇಶನೂ ಅಲ್ಲ. ಬರೆದವಳು ನಾನು, ನನ್ನ ಎಡಗೈಯಲ್ಲಿ. ಎಡಗೈಯಲ್ಲಿ ಬರೆಯುತ್ತ ಹೋದರೆ ಅಂಗೈಯ ಅಂಚು ಬರೆದದ್ದರ ಮೇಲೇ ಜಾರುತ್ತ ಹೋಗುತ್ತದೆ. ಆ ಮಸುಕು ಹಾಗೆ ಆದದ್ದು.

ಈ ಜೂನಿಗೆ ಶಾಲೆಗೆ ಹತ್ತು ವರ್ಷ. ಒಂದು ಸಣ್ಣ ಸಂಚಿಕೆ ತರೋಣವೆಂದು ಮೇಡಂ ಹೊರಟರು. ಶಾಲೆಯ ಚರಿತ್ರೆ ಬರೆಯುವ ಕೆಲಸ ನನಗೆ ಬಂತು. ಇಲ್ಲಿ ಮೂರು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಸ್ಟಾಫ್ ಮೀಟಿಂಗಿನಲ್ಲಿ ಹಾಜರಿ ಬಿಟ್ಟರೆ ನನ್ನ ಬಾಯಿಂದ ಏನೂ ಬಂದದ್ದಿಲ್ಲ. ಅದಕ್ಕೇ ಇರಬೇಕು, ಮೇಡಂ ಎಲ್ಲರ ಮುಂದೆ ನಕ್ಕು ಹೇಳಿದರು, “ನೀನು ಮಾತಂತೂ ಆಡಲ್ಲ ಮಾರಾಯ್ತಿ, ಬರಿಯಾದ್ರೂ ಬರಿ.” ಮೊದಲ ಪುಟಕ್ಕೆ ಆ ಕಾಪಿ ಪುಸ್ತಕದ ಫೋಟೊ ಎಂದೂ ಅವರೇ ನಿಶ್ಚಯಿಸಿದರು. ಶುಕ್ರವಾರ ಪ್ರೆಸ್ಸಿಗೆ ಕೊಡಬೇಕಿತ್ತು.

ಚರಿತ್ರೆ ಬರೆಯುವುದು ಕಷ್ಟವಾಗಲಿಲ್ಲ. ಅದರಲ್ಲಿ ಅರ್ಧ ನನ್ನ ಹಳೆಯ ಡೈರಿಗಳಲ್ಲೇ ಇತ್ತು.

ಮೇಡಂ ಇಪ್ಪತ್ತೇಳು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿದ್ದವರು. ಒಬ್ಬ ಹುಡುಗನನ್ನು ದಡ್ಡನೆಂದು ಒಂದೇ ಕ್ಲಾಸಿನಲ್ಲಿ ಮೂರು ವರ್ಷ ಕೂರಿಸಿದ್ದರಂತೆ. ಅವನು ದೊಡ್ಡವನಾದ ಮೇಲೆ ಅವರ ಮನೆಯ ಕೆಟ್ಟ ಮಿಕ್ಸಿಯನ್ನು ಬಿಚ್ಚಿ, ಯಾವ ನಕ್ಷೆಯನ್ನೂ ನೋಡದೆ, ಕಾಫಿ ಆರುವುದರೊಳಗೆ ಜೋಡಿಸಿಕೊಟ್ಟ. ‘ಆ ಕಾಫಿ ನನಗೆ ಇಳೀಲಿಲ್ಲ’ ಎಂದು ಮೇಡಂ ಈಗಲೂ ಹೇಳುತ್ತಾರೆ. ಆಮೇಲೆ ಬೆಂಗಳೂರಿಗೆ ಹೋಗಿ ಒಂದು ತರಬೇತಿ ಮುಗಿಸಿ ಬಂದರು. ಡಿಸ್ಲೆಕ್ಸಿಯಾ ಎಂಬ ಪದವನ್ನು ನಮ್ಮ ಕಡೆಯ ಬಹಳ ಜನ ಮೊದಲು ಕೇಳಿದ್ದು ಅವರ ಬಾಯಲ್ಲಿ. ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು, ಶಿವಮೊಗ್ಗದ ಹೊಸಮನೆ ಬಡಾವಣೆಯ ತಮ್ಮ ಮನೆ ಜಗುಲಿಯಲ್ಲಿ ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಮೂರು ಮಕ್ಕಳನ್ನು ಕೂರಿಸಿಕೊಂಡರು. ಬೀದಿಯವರು ಅದಕ್ಕೆ ‘ದಡ್ಡರ ಟ್ಯೂಷನ್’ ಎಂದು ಹೆಸರಿಟ್ಟರು.

ಆ ಮೂವರಲ್ಲಿ ಒಬ್ಬ ಜ್ಞಾನೇಶ. ನಾವು ಆಗ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆವು. ಅವನಿಗೆ ಒಂಬತ್ತು, ನನಗೆ ಹದಿನಾಲ್ಕು. ಅಪ್ಪ ಉಜ್ಜನಪ್ಪ ಪ್ಯಾಟ್ರನ್ ಶಾಪಿನಲ್ಲಿದ್ದರು. ಎರಕ ಹೊಯ್ಯುವ ಮೊದಲು ಆ ವಸ್ತುವನ್ನು ಮರದಲ್ಲಿ ಮಾಡಿ ಕೊಡುವ ಕೆಲಸ ಅದು. ಕೂದಲೆಳೆ ಹೆಚ್ಚುಕಮ್ಮಿಯಾದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅಂಥವರ ಮಗ ನಾಲ್ಕನೇ ಕ್ಲಾಸಿಗೆ ಬಂದರೂ ಒಂದು ಸಾಲನ್ನು ಗೆರೆ ಮೇಲೆ ನಿಲ್ಲಿಸುತ್ತಿರಲಿಲ್ಲ. ಹೆಸರು ನೋಡಿದರೆ ಜ್ಞಾನೇಶ ಎಂದು ಮೇಷ್ಟರು, ಹುಡುಗರು, ಕೊನೆಗೆ ನಮ್ಮ ಸೋದರಮಾವನೂ ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಐದು ಗಂಟೆಯ ಸೈರನ್ ಆಗಿ ಅವರು ಸೈಕಲ್ ನಿಲ್ಲಿಸಿ ಒಳಗೆ ಬಂದರೆ, ಅವನ ಕಾಪಿ ಬಿಡಿಸಿ ನೋಡಿ, ಜೇಬಿನಲ್ಲಿದ್ದ ಸ್ಟೀಲ್ ಸ್ಕೇಲಿನಿಂದ ಅಂಗೈ ಮೇಲೆ ಹೊಡೆಯುತ್ತಿದ್ದರು. ಕೋಪಕ್ಕೆ ಅಲ್ಲ. ತಪ್ಪು ಅಳತೆಯ ಮರಕ್ಕೆ ಒಂದು ಏಟು ಹಾಕಿದರೆ ಸರಿಹೋಗುತ್ತದೆ ಎನ್ನುವ ಹಾಗೆ.

ಅವನನ್ನು ಹೊಸಮನೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುವ ಕೆಲಸ ನನ್ನದು. ಜಗುಲಿಯ ಕಂಬಕ್ಕೊರಗಿ ಡೈರಿ ಬರೆಯುತ್ತ ಮೇಡಂ ಪಾಠ ಕೇಳುತ್ತಿದ್ದೆ. ಅವರು ಮೊದಲ ಆರು ತಿಂಗಳು ಪಾಠದ ಹೊತ್ತಿನಲ್ಲಿ ಮಕ್ಕಳ ಕೈಗೆ ಪೆನ್ಸಿಲ್ ಕೊಡುವುದಿಲ್ಲ. ತಟ್ಟೆಯಲ್ಲಿ ಮರಳು ಹರಡಿ ಬೆರಳಲ್ಲಿ ತಿದ್ದಿಸುವುದು, ಬೆನ್ನ ಮೇಲೆ ಅಕ್ಷರ ಬರೆದು ಯಾವುದೆಂದು ಕೇಳುವುದು, ಚಪ್ಪಾಳೆ ತಟ್ಟಿ ಪದ ಒಡೆಯುವುದು, ಹೀಗೇ. ಯಾರಾದರೂ ನೋಡುತ್ತಿದ್ದರೆ ಇಂಥ ಮಕ್ಕಳ ಕೈ ನಡುಗುತ್ತದೆ ಎನ್ನುವುದು ಅವರ ನಂಬಿಕೆ. ಆದ್ದರಿಂದ ಬರವಣಿಗೆಯನ್ನು ಮನೆಗೆ ಬಿಟ್ಟರು. ದಿನಕ್ಕೆ ಅರ್ಧ ಪುಟ ಕಾಪಿ, ತನಗೆ ಬೇಕಾದಾಗ, ತನ್ನಷ್ಟಕ್ಕೆ. ಶನಿವಾರ ತಂದು ತೋರಿಸಿದರಾಯಿತು.

ಪಾಪ, ಅವರಿಗೆ ಐದು ಗಂಟೆಯ ಸೈರನ್ ಗೊತ್ತಿರಲಿಲ್ಲ.

ಮೊದಲ ವಾರವೇ, ಪುಟ ಖಾಲಿ ಇದ್ದದ್ದಕ್ಕೆ, ಜ್ಞಾನೇಶನ ಅಂಗೈಗೆ ಎರಡು ಸಲ ಬಿತ್ತು. ಮೂರನೆಯ ದಿನ ನಾಲ್ಕೂವರೆಗೆ, ಅಡುಗೆಮನೆಯ ಬಾಗಿಲ ಹಿಂದೆ, ನಾನೇ ಪೆನ್ಸಿಲ್ ಹಿಡಿದೆ. ಬಲಗೈಯಲ್ಲಿ ಬರೆದರೆ ನನ್ನ ಅಕ್ಷರ ಗೊತ್ತಾಗಿಬಿಡುತ್ತದೆ. ಎಡಗೈಯಲ್ಲಿ ಅಕ್ಷರ ಬರೆಯಬಾರದು ಎಂದು ಅಮ್ಮ ಹೇಳಿಕೊಟ್ಟದ್ದು ನೆನಪಾಗಿ, ಸರಸ್ವತಿಗೆ ಮನಸ್ಸಿನಲ್ಲೇ ಕೈಮುಗಿದು ಶುರುಮಾಡಿದೆ. ಜ್ಞಾನೇಶ ಕಿಟಕಿಯಲ್ಲಿ ನಿಂತು ಅಪ್ಪನ ಸೈಕಲ್ ಕಾಯುತ್ತಿದ್ದ. ನನ್ನ ಮೊದಲ ಸಾಲನ್ನು ನೋಡಿ, “ಅಯ್ಯೋ, ನೀನೂ ನನ್ ಥರಾನೇ ಅಕ್ಕ” ಎಂದು ಅವನು ನಕ್ಕದ್ದು ಡೈರಿಯಲ್ಲಿದೆ. ಅಪ್ಪ ಆ ಪುಟ ನೋಡಿ ಹುಬ್ಬು ಗಂಟಿಕ್ಕಿದರು. ಹೊಡೆಯಲಿಲ್ಲ. ಕೆಟ್ಟದಾಗಿದ್ದರೂ ಪುಟ ಪೂರ್ತಿಯಾಗಿತ್ತು.

ದಿನಾ ಬರೆದರೆ ಯಾವ ಕೈಯಾದರೂ ಕಲಿಯುತ್ತದೆ. ಆಗಸ್ಟಿಗೆ ಅಕ್ಷರಗಳು ಕಾಲೂರಿದವು. ದಸರೆಗೆ ಗೆರೆಯ ಮೇಲೆ ನಿಂತವು. ಡಿಸೆಂಬರಿಗೆ ಕೊನೆಯ ಪುಟ. ಮೇಡಂ ಹೋಲಿಸಿ ನೋಡಲೆಂದು ಮೊದಲ ದಿನದ ಸಾಲನ್ನೇ ಮತ್ತೆ ಕೊಟ್ಟಿದ್ದರು. ಆ ಶನಿವಾರ ಅವರು ಪುಸ್ತಕವನ್ನು ಎದೆಗೊತ್ತಿಕೊಂಡು ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲೇ ಇಲ್ಲ. ಆಗಲೇ ಹೇಳಬೇಕಿತ್ತು. ಆದರೆ ಅವರು ಕಣ್ಣೊರೆಸಿಕೊಂಡು ಬಂದಿದ್ದರು.

ಜನವರಿಯಿಂದ ಜಗುಲಿಯಲ್ಲೇ ಬರೆಸತೊಡಗಿದರು. ಜ್ಞಾನೇಶನ ಅಕ್ಷರ ಮತ್ತೆ ಗೆರೆಯಿಂದ ಬಿತ್ತು. ಮೇಡಂಗೆ ಸಂಶಯವೇ ಬರಲಿಲ್ಲ. “ನೋಡಿದ್ಯಾ, ನಾವು ಎದುರಿಗೆ ಕೂತ್ರೆ ಇವನಿಗೆ ಕೈ ಓಡಲ್ಲ” ಎಂದು ನನಗೇ ವಿವರಿಸಿದರು. ನಾನು ತಲೆಯಾಡಿಸಿದೆ.

ಆ ಸುಳ್ಳಿನಿಂದ ಒಂದು ಒಳ್ಳೆಯದೂ ಆಯಿತು, ಅದನ್ನೂ ಬರೆಯಬೇಕು. ಅಪ್ಪ ಹೊಡೆಯುವುದನ್ನು ಬಿಟ್ಟರು. ಯುಗಾದಿಯ ಹೊತ್ತಿಗೆ, ಯಾರೂ ಕೇಳದಿದ್ದರೂ, ರಜಾ ದಿನಗಳಲ್ಲಿ ಹಿತ್ತಲಿನಲ್ಲಿ ಕೂತು ತೇಗದ ಚೂರುಗಳಲ್ಲಿ ಇಡೀ ವರ್ಣಮಾಲೆ ಕೆತ್ತಿದರು. ಒಂದೊಂದು ಅಕ್ಷರವೂ ಗೇಣುದ್ದ, ಅಂಚೆಲ್ಲ ನುಣುಪು, ಮಗು ಕಣ್ಣುಮುಚ್ಚಿ ಸವರಿದರೂ ಚುಚ್ಚಬಾರದು. ಅವನ್ನಿಡಲು ಮೇಡಂ ಹೊಸಮನೆಯ ಬಡಗಿಯಿಂದ, ಅಪ್ಪ ಹೇಳಿಕಳಿಸಿದ ಅಳತೆ ಪ್ರಕಾರ, ಮನೆಗಳಿರುವ ಪೆಟ್ಟಿಗೆ ಮಾಡಿಸಿದ್ದರು. ಅಪ್ಪ ಶಾಲು ಹೊದ್ದು, ಗೋಣಿಚೀಲದಲ್ಲಿ ಅಕ್ಷರ ಹೊತ್ತು ಬಸ್ಸಿನಲ್ಲಿ ಬಂದರು. ಒಂದೂ ಪೆಟ್ಟಿಗೆಯಲ್ಲಿ ಕೂರಲಿಲ್ಲ. ಎಲ್ಲವೂ ಬಡಗಿಯ ಲೆಕ್ಕದಲ್ಲಿ ಅರ್ಧ ನೂಲಿನಷ್ಟು, ಇಂಚಿನ ಹದಿನಾರನೇ ಒಂದು ಭಾಗ, ದೊಡ್ಡವು.

ಬಡಗಿ ಅಳತೆಪಟ್ಟಿ ಹಿಡಿದು ತನ್ನ ಪೆಟ್ಟಿಗೆ ಸರಿ ಎಂದ. ಅಪ್ಪ ಜೇಬಿನ ಸ್ಕೇಲ್ ತೆಗೆದು ತಮ್ಮ ಅಕ್ಷರ ಸರಿ ಎಂದರು. ಪಟ್ಟಿ, ಸ್ಕೇಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಅಪ್ಪನ ಮುಖ ಕೆಂಪಾಯಿತು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಆದ್ದರಿಂದ ಪ್ಯಾಟ್ರನ್ ಶಾಪಿನ ಸ್ಕೇಲನ್ನೇ ಸ್ವಲ್ಪ ಉದ್ದವಾಗಿ ಗುರುತು ಹಾಕಿರುತ್ತಾರೆ. ಇಪ್ಪತ್ತೆರಡು ವರ್ಷ ಅದರಲ್ಲೇ ಅಳೆದವರಿಗೆ ಮರದ ಅಕ್ಷರ ಮರವಾಗಿಯೇ ಉಳಿಯುತ್ತದೆ, ಎಲ್ಲೂ ಕುಗ್ಗುವುದಿಲ್ಲ ಎಂದು ಹೊಳೆದಿರಲಿಲ್ಲ. ಮೇಡಂ ನಕ್ಕು ನಕ್ಕು ಕಂಬ ಹಿಡಿದುಕೊಂಡರು. ಪೆಟ್ಟಿಗೆ ಅವರ ಮನೆಯ ಈರುಳ್ಳಿಗಾಯಿತು. ಅಕ್ಷರಗಳು ನೆಲದ ಮೇಲೇ ಉಳಿದವು. ಈಗಲೂ ಮಕ್ಕಳು ಅವನ್ನು ಮಡಿಲಲ್ಲಿಟ್ಟುಕೊಂಡು, ತೋಳಿನಲ್ಲಿ ಅವಚಿಕೊಂಡು ಓಡಾಡುತ್ತಾರೆ. ಊರಿನವರು ದಡ್ಡರ ಟ್ಯೂಷನ್ ಎನ್ನುವುದನ್ನು ಬಿಟ್ಟು ‘ಮರದಕ್ಷರದ ಶಾಲೆ’ ಎನ್ನತೊಡಗಿದ್ದು ಆಗಿನಿಂದ. ತೊಂಬತ್ತಾರರಲ್ಲಿ ಅದು ದಿನವಿಡೀ ನಡೆಯುವ ಶಾಲೆಯಾಯಿತು, ತೊಂಬತ್ತೊಂಬತ್ತರಲ್ಲಿ ಗೋಪಾಳದ ಬಾಡಿಗೆ ಮನೆಗೆ ಬಂತು. ಈಗ ಮೂವತ್ತೆಂಟು ಮಕ್ಕಳು.

ಇಷ್ಟೆಲ್ಲ ಬರೆದೆ. ಕಾಪಿ ಪುಸ್ತಕದ ಜಾಗ ಮಾತ್ರ ಖಾಲಿ ಬಿಟ್ಟೆ.

ಮಂಗಳವಾರ ಸಂಜೆ ಜ್ಞಾನೇಶನನ್ನು ಕೇಳಿದೆ. ಅವನೀಗ ಐ.ಟಿ.ಐ. ಮುಗಿಸಿ ಭದ್ರಾವತಿಯಲ್ಲೇ ಹಮೀದ್ ಸಾಬರ ವರ್ಕ್‌ಶಾಪಿನಲ್ಲಿ ಅಪ್ಪನ ಕೆಲಸವನ್ನೇ ಮಾಡುತ್ತಾನೆ. ತಲೆಗೂದಲಿನ ಮರದ ಪುಡಿ ಕೊಡವುತ್ತ ನಿಂತಿದ್ದ. ಫೋಟೊ ಅಚ್ಚಾಗುತ್ತಿದೆ ಎಂದದ್ದಕ್ಕೆ ಮೊದಲು ತಮಾಷೆ ಮಾಡಿದ, ಅಪ್ಪನ ಸ್ಕೇಲು ಉದ್ದ ಅಂತ ಆಮೇಲೆ ತಾನೇ ಗೊತ್ತಾಗಿದ್ದು, ತನಗೆ ಬಿದ್ದ ಏಟೂ ಅರ್ಧ ನೂಲು ಜಾಸ್ತಿಯೇ ಎಂದ. ಆಮೇಲೆ ಕೂದಲು ಕೊಡವುವುದನ್ನು ನಿಲ್ಲಿಸಿದ.

“ನಿಜ ಹೇಳ್ಲಾ ಅಕ್ಕ? ಆ ಬೀರು ಕಂಡ್ರೆ ನಂಗೆ ಆಗಲ್ಲ. ನಾನು ಅಷ್ಟು ಬೇಗ ಕಲೀಲಿಲ್ಲ. ಎರಡೂವರೆ ವರ್ಷ ಹಿಡೀತು. ಆ ರಜಾ ಅರ್ಜಿ ಬರೆದೆನಲ್ಲ, ಅದು ನಂದು. ಅದನ್ನ ಯಾರೂ ಬೀರುವಿನಲ್ಲಿ ಇಡ್ಲಿಲ್ಲ.”

ತೊಂಬತ್ತಾರರ ಡಿಸೆಂಬರಿನಲ್ಲಿ, ಕ್ರಿಕೆಟ್ ಆಡಲು ಹೋಗಬೇಕೆಂದು, ತನಗೆ ಜ್ವರ ಬಂದಿದೆ ಎಂದು ಅವನೇ ಬರೆದ ಅರ್ಜಿ ಅದು. ಐದು ಸಾಲು. ಒಬ್ಬರ ಸಹಾಯವೂ ಇಲ್ಲದೆ ಅವನು ಪೂರ್ತಿ ಬರೆದ ಮೊದಲ ಬರಹ. ಸುಳ್ಳು ಜ್ವರವೆಂದು ತಿಳಿದೂ ಮೇಡಂ ಖುಷಿಯಿಂದ ರಜೆ ಕೊಟ್ಟು, ಕಾಗದವನ್ನು ಮೇಜಿನ ಮೇಲೆ ಮರೆತಿದ್ದರು. ನಾನು ಎತ್ತಿಕೊಂಡು ಬಂದಿದ್ದೆ. ಅದು ಆ ವರ್ಷದ ಡೈರಿಯಲ್ಲಿದೆ ಎಂದು ಅವನಿಗೆ ಹೇಳಿದೆ. ಅವನು ನನ್ನನ್ನೇ ನೋಡಿದ. ಆಮೇಲೆ, ಹಾಗಾದರೆ ಅದನ್ನು ಕೊಟ್ಟು ಮಾತು ಮುಗಿಸು ಎಂದು ಬಚ್ಚಲುಮನೆಗೆ ಹೋದ.

ಗುರುವಾರ ಅರ್ಜಿಯನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಬಸ್ ಹತ್ತಿದೆ. ಮಾತಾಡಬೇಕಾಗಿಲ್ಲ, ಮೇಜಿನ ಮೇಲಿಟ್ಟರೆ ತಾರೀಖೇ ಹೇಳುತ್ತದೆ ಎಂದು ಮಲವಗೊಪ್ಪ ದಾಟುವವರೆಗೂ ಲೆಕ್ಕ ಹಾಕುತ್ತಿದ್ದೆ.

ಶಾಲೆಯಲ್ಲಿ ಆಗಲೇ ಮೇಡಂ ಎದುರಿಗೆ ನೂರ್‌ಜಹಾನ್ ಕೂತಿದ್ದರು. ಅವರು ಅದೇ ಮಲವಗೊಪ್ಪದವರು, ಗಂಡ ಲಾರಿ ಡ್ರೈವರ್. ಮಗಳು ನೌರೀನಳಿಗೆ ಒಂಬತ್ತು, ನನ್ನದೇ ಗುಂಪಿನಲ್ಲಿದ್ದಾಳೆ. ಆ ಹುಡುಗಿ ಗೋಡೆ ಪಕ್ಕ ಒಂದು ಮರದ ‘ಳ’ವನ್ನು ಮಡಿಲಲ್ಲಿಟ್ಟುಕೊಂಡು ಕೂತಿತ್ತು. ಕೈ ಅದರ ಸುಳಿಯ ಮೇಲೆ ಸುತ್ತುತ್ತಿತ್ತು, ಕಣ್ಣು ತಾಯಿಯ ಮೇಲಿತ್ತು. ನೂರ್‌ಜಹಾನ್ ಬಂದದ್ದು ಮಗಳನ್ನು ಶಾಲೆ ಬಿಡಿಸಲು.

ಮೇಡಂ ಎಲ್ಲ ರೀತಿಯಲ್ಲೂ ಹೇಳಿ ನೋಡಿದ್ದರು. ಈಗ ಎದ್ದು ಬೀರುವಿನಿಂದ ಕಾಪಿ ಪುಸ್ತಕ ತೆಗೆದರು. ಪುಟ ತೆರೆಯುವುದಕ್ಕೂ ನೂರ್‌ಜಹಾನ್ ಬಿಡಲಿಲ್ಲ.

“ಅದನ್ನ ನೋಡೇ ಬಿಡಿಸ್ತಾ ಇರೋದು ಮೇಡಂ. ಸೇರಿಸುವಾಗ ತೋರಿಸಿದ್ರಲ್ಲ, ಆರು ತಿಂಗಳು ಅಂತ. ನಾನು ಕ್ಯಾಲೆಂಡರಲ್ಲಿ ಗೀಟು ಹಾಕ್ಕೊಂಡು ಬಂದೆ. ಎಂಟು ತಿಂಗಳಾಯ್ತು. ಇವಳು ಬಸ್ಸಿನ ಬೋರ್ಡು ಓದ್ತಾಳೆ, ಓದಿ ಮುಗ್ಸೋದ್ರಲ್ಲಿ ಬಸ್ಸು ಹೊರಟುಹೋಗಿರುತ್ತೆ. ನಿಮ್ಮ ಪಾಠ ತಪ್ಪಲ್ಲ. ಇವಳದು ಬೇರೆ ಏನೋ ಇದೆ. ಮನೇಲೇ ಇರಲಿ. ನಾಲ್ಕು ಜನದ ಮುಂದೆ ತಲೆ ತಗ್ಗಿಸೋದಾದ್ರೂ ತಪ್ಪುತ್ತೆ, ನನ್ನ ಬಚ್ಚಿಗೆ.”

ನೌರೀನಳ ಬೆರಳು ಸುಳಿಯ ನಡುವೆ ನಿಂತುಹೋಯಿತು.

ಮೇಡಂ ಪುಸ್ತಕವನ್ನು ಹಿಡಿದುಕೊಂಡು ಹಾಗೇ ನಿಂತರು. ಹತ್ತು ವರ್ಷ ಎಷ್ಟೋ ಜನರಿಗೆ ಧೈರ್ಯ ಕೊಟ್ಟ ಪುಸ್ತಕ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆನಲ್ಲ, ಅದನ್ನು ನೋಡಿ ಏನೂ ಹೇಳದೆ ಎದ್ದು ಹೋದವರು ಎಷ್ಟು ಜನವೋ.

ನಾನು ಹೋಗಿ ಮೇಡಂ ಕೈಯಿಂದ ಪುಸ್ತಕ ತೆಗೆದುಕೊಂಡೆ. ಹೀಗೆ ಅವರ ಕೈಯಿಂದ ಏನನ್ನಾದರೂ ತೆಗೆದುಕೊಂಡದ್ದು ಅದೇ ಮೊದಲು. ಕೊನೆಯ ಪುಟ ಬಿಡಿಸಿ ಮೇಜಿನ ಮೇಲಿಟ್ಟೆ. ಕೆಳಗೆ ಎರಡು ಗೆರೆ ಖಾಲಿ ಇದ್ದವು. ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡೆ. ಎಷ್ಟೋ ವರ್ಷದ ಮೇಲೆ ಹಿಡಿದ ಕೈ, ‘ಅಜ್ಜಿ’ ಎನ್ನುವಲ್ಲಿ ಸ್ವಲ್ಪ ತಡವರಿಸಿತು. ‘ಅವಲಕ್ಕಿ’ಯಲ್ಲಿ ದಾರಿ ನೆನಪಾಯಿತು. ‘ತಂದಳು’ ಎಂದು ಮುಗಿಯುವ ಹೊತ್ತಿಗೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ವ್ಯತ್ಯಾಸವಿರಲಿಲ್ಲ. ಅದೇ ವಾಲಿಕೆ, ಅದೇ ಕೊಂಬು, ಅದೇ ಮಸುಕು.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಆ ಮಸುಕಿನ ಮೇಲೆ ಬೆರಳಾಡಿಸಿ, “ಒಂದೇ ಒಂದು ದಿನ ಆ ಮಗೂನ ಪಕ್ಕದಲ್ಲಿ ಕೂತು ಬರೆಸಿದ್ರೆ ನಂಗೆ ಗೊತ್ತಾಗ್ತಿತ್ತು” ಎಂದು ತಮಗೇ ಎಂಬಂತೆ ಹೇಳಿಕೊಂಡರು. ಆಮೇಲೆ ಬೆವರು ಎಂದುಕೊಂಡಿದ್ದೆನಲ್ಲ ಎಂದು ಅವರಿಗೆ ಸಣ್ಣಗೆ ನಗು ಬಂತು. ನನ್ನ ಬೆನ್ನಿನಿಂದ ಏನೋ ಇಳಿದಂತಾಯಿತು.

ನೂರ್‌ಜಹಾನ್ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ನನ್ನ ಎಡಗೈಯನ್ನು ಹಿಡಿದು ತಿರುಗಿಸಿದರು. ಕಿರುಬೆರಳಿನ ಕೆಳಗೆ ಅಂಗೈ ಅಂಚು ಬೂದಿ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನೂ ಪುಟವನ್ನೂ ಎರಡು ಸಲ ಹೋಲಿಸಿದರು. ಮುಖದಲ್ಲಿ ಕೋಪವಿರಲಿಲ್ಲ, ಎಂಟು ತಿಂಗಳಿಂದ ಬಿಗಿಹಿಡಿದದ್ದೇನೋ ಸಡಿಲವಾಗಲು ಇನ್ನೊಂದೇ ಮಾತು ಬೇಕಿತ್ತು.

“ಹಾಗಾದ್ರೆ ನಿಮ್ಮ ತಮ್ಮ? ಅವನಿಗೆ ನಿಜವಾಗ್ಲೂ ಎಷ್ಟು ದಿನ ಹಿಡೀತು ಮಿಸ್?”

ನನ್ನ ಕೈ ಬ್ಯಾಗಿನೊಳಗೆ ಹೋಯಿತು. ಅರ್ಜಿ ಬೆರಳಿಗೆ ಸಿಕ್ಕಿತು. ತೆಗೆದು ಕೊಟ್ಟರೆ ಸಾಕಿತ್ತು, ತಾರೀಖು ಅದರಲ್ಲೇ ಇತ್ತು. ಗೋಡೆ ಪಕ್ಕದಿಂದ ನೌರೀನ ನೋಡುತ್ತಿದ್ದಳು. ಅವಳಿಗೆ ಆ ಕಾಗದವನ್ನು ಓದಲು ಇನ್ನೂ ಬರುವುದಿಲ್ಲ. ಕೇಳಲು ಬರುತ್ತದೆ.

ಕಾಗದವನ್ನು ಅಲ್ಲೇ ಬಿಟ್ಟು ಕೈ ಹೊರಗೆ ತೆಗೆದೆ. ನನ್ನ ದನಿ ಆ ಕೋಣೆಯಲ್ಲಿ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆಂದು ನನಗೇ ಗೊತ್ತಿರಲಿಲ್ಲ.

“ಎರಡೂವರೆ ವರ್ಷ” ಎಂದೆ. “ಆಮೇಲೆ ಬಂತು.”